ಹುಲಿಗೆ ಸುಳಿ ನೋಡಿದ ಮಾವ

ನಮ್ಮ ಮಾವ ಮನುಷ್ಯರ ಮುಖ ನೋಡಿ ಮಾತಾಡಿದ್ದನ್ನು ನಾನಂತೂ ಕಂಡಿಲ್ಲ. ಅವನು ನೋಡುತ್ತಿದ್ದದ್ದು ನೆತ್ತಿ! ಎದುರಿಗೆ ನಿಂತವರು ಮದುವೆಗೆ ಕರೆಯಲು ಬಂದಿರಲಿ, ಸಾವಿನ ಸುದ್ದಿ ತಂದಿರಲಿ, ಜಗಳಕ್ಕೆಂದೇ ಬಂದಿರಲಿ, ಅವನ ಕಣ್ಣು ಅವರ ಹಣೆ ದಾಟಿ ಮೇಲೆ ಹತ್ತಿ ತಲೆಯ ನಡುವೆ ಹೋಗಿ ಕೂತುಬಿಡುತ್ತಿತ್ತು. ಹೊಸಬರಾದರೆ ಪಾಪ, ಮಾತು ಅರ್ಧಕ್ಕೆ ನಿಲ್ಲಿಸಿ, ತಲೆಯ ಮೇಲೆ ಹಲ್ಲಿ ಗಿಲ್ಲಿ ಬಿದ್ದಿದೆಯೇನೋ ಎಂದು ತಡವಿಕೊಳ್ಳುತ್ತಿದ್ದರು.

ಮಾವ ಎಂದರೆ ಅಮ್ಮನ ಅಣ್ಣ. ನಾನು ಮೂರು ವರ್ಷದವಳಿದ್ದಾಗ ಅಪ್ಪ ತೀರಿಕೊಂಡ. ಅಮ್ಮ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಮಾಸ್ತಿ ಹೋಬಳಿಯ ತವರಿಗೆ ಬಂದಳು. ಅಲ್ಲಿ ಅಜ್ಜಿ, ಮಾವ, ನಾಲ್ಕು ಹಸು, ಒಂದು ಜೊತೆ ಎತ್ತು, ರಾಗಿ ಹೊಲ. ಅಷ್ಟೇ ನಮ್ಮ ಸಂಸಾರ. ಮಾವನನ್ನು ಇಲ್ಲಿ ‘ಅವನು’ ಎಂದು ಬರೆಯುತ್ತಿರುವುದಕ್ಕೆ ಓದುಗರು ಬೇಸರಿಸಬಾರದು. ಅವನನ್ನು ಯಾರಾದರೂ ‘ಅವರು, ಇವರು’ ಎಂದರೆ ಅವನೇ ಹಿಂದೆ ತಿರುಗಿ ಯಾರು ಬಂದರು ಎಂದು ನೋಡುತ್ತಿದ್ದ.

ಸುಳಿ ಎಂದರೆ ಗೊತ್ತಲ್ಲ? ದನದ ಮೈಮೇಲೆ ಅಲ್ಲಲ್ಲಿ ಕೂದಲು ಒಂದು ಚುಕ್ಕೆಯ ಸುತ್ತ ತಿರುಗಿ ತಿರುಗಿ ಮಲಗಿರುತ್ತದೆ, ಅದು. ನಮ್ಮ ಸೀಮೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ನೋಡುತ್ತಾರೆ, ಗೊರಸು ನೋಡುತ್ತಾರೆ, ಹತ್ತು ಹೆಜ್ಜೆ ನಡೆಸಿ ನೋಡುತ್ತಾರೆ. ಆದರೆ ಕೊನೆಯ ಮಾತು ಸುಳಿಯದು. ಇಂಥ ಕಡೆ ಇದ್ದರೆ ರಾಜಸುಳಿ, ಕೊಂಡವನ ಮನೆ ಬೆಳಗುತ್ತದೆ. ಇಂಥ ಕಡೆ ಇದ್ದರೆ ಕಣ್ಣೀರು ಸುಳಿ, ಕೊಂಡವನು ವರ್ಷ ತಿರುಗುವುದರೊಳಗೆ ಅಳಬೇಕು. ಈ ವಿದ್ಯೆಯಲ್ಲಿ ನಮ್ಮ ಮಾವನನ್ನು ಮೀರಿಸುವವರು ಮಾಲೂರಿನಿಂದ ಮುಳಬಾಗಿಲವರೆಗೆ ಇರಲಿಲ್ಲ. ಆವನಿಯ ದನಗಳ ಪರಿಷೆಗೆ ಅವನು ಕಾಲಿಟ್ಟರೆ ಮಾರುವವರು ತಮ್ಮ ಎತ್ತುಗಳನ್ನು ಮರೆಗೆ ಎಳೆದುಕೊಳ್ಳುತ್ತಿದ್ದರಂತೆ.

ಯಾಕೆಂದರೆ ಸುಳಿಯ ವಿಷಯದಲ್ಲಿ ಅವನಿಗೆ ದಾಕ್ಷಿಣ್ಯ ಎಂಬುದೇ ಇರಲಿಲ್ಲ. ಒಮ್ಮೆ ಶ್ರೀನಿವಾಸಪುರದ ಕಡೆಯವರೊಬ್ಬರು ನಮ್ಮ ಎತ್ತನ್ನೇ ಕೊಳ್ಳಲು ಬಂದರು. ನೋಡಿ ಆಯಿತು, ಮಾತು ಮುಗಿಯಿತು, ಅವರು ಹಗ್ಗ ಹಿಡಿದು ಹೊರಟೂ ಬಿಟ್ಟರು. ಆಗ ಮಾವ ಹಿಂದಿನಿಂದ ಓಡಿಹೋಗಿ, “ಸ್ವಾಮಿ, ಬಾಲದ ಬುಡದಲ್ಲಿ ಒಂದಿದೆ, ನೀವು ನೋಡ್ಲಿಲ್ಲ. ಅದು ಒಳ್ಳೇದಲ್ಲ” ಎಂದು ತಾನೇ ಬಾಲ ಎತ್ತಿ ತೋರಿಸಿದ! ಅವರು ಎತ್ತು ಬಿಟ್ಟು ಹೋದರು. ಅಜ್ಜಿ ಮೂರು ದಿನ ಅವನಿಗೆ ಮುದ್ದೆಯನ್ನು ಬಡಿಸಲಿಲ್ಲ, ಎಸೆದಳು.

ಇಷ್ಟೇ ಆಗಿದ್ದರೆ ಅವನು ಒಬ್ಬ ದನದ ಪಂಡಿತ ಎನ್ನಿಸಿಕೊಂಡು ಮರ್ಯಾದೆಯಿಂದ ಇರುತ್ತಿದ್ದ. ಆದರೆ ದನಕ್ಕಿರುವ ಶಾಸ್ತ್ರವನ್ನು ಮನುಷ್ಯರಿಗೂ ವಿಸ್ತರಿಸಿದ ಕೀರ್ತಿ ಅವನೊಬ್ಬನದೇ. ಒಂದು ವರ್ಷ ಜಮಾಬಂದಿಗೆ ಅಮಲ್ದಾರರು ನಮ್ಮ ಊರಿಗೆ ಬಂದಿದ್ದರು. ಜರಿ ಪೇಟ, ಉದ್ದ ಕೋಟು. ಊರಿನವರೆಲ್ಲ ಕಂದಾಯದ ಚಿಂತೆಯಲ್ಲಿದ್ದರೆ ನಮ್ಮ ಮಾವನಿಗೆ ಒಂದೇ ಚಿಂತೆ: ಈ ಪೇಟ ಯಾವಾಗ ಇಳಿಯುತ್ತದೆ? ಚಾವಡಿಯ ಕಂಬಕ್ಕೆ ಒರಗಿ ಬೆಳಗಿನಿಂದ ಮಧ್ಯಾಹ್ನದವರೆಗೆ ಕಾದ. ಕೊನೆಗೆ ಸೆಕೆ ತಡೆಯಲಾರದೆ ಅಮಲ್ದಾರರು ಪೇಟ ತೆಗೆದು ಪಕ್ಕಕ್ಕಿಟ್ಟರು. ಬೋಳು! ಕನ್ನಡಿಯಂಥ ಬೋಳು! ಮಾವ ಮನೆಗೆ ಬಂದು ಕೂತು, “ಸುಳಿಯೇ ಇಲ್ಲದ ಮನುಷ್ಯನ ಕೈಗೆ ತಾಲ್ಲೂಕು ಕೊಟ್ಟಿದ್ದಾರಲ್ಲಪ್ಪ!” ಎಂದು ಎರಡು ದಿನ ಕಳವಳಪಟ್ಟ.

ಮದುವೆಯನ್ನೂ ಅವನು ಆಗಲಿಲ್ಲ. ಕಾರಣ ಕೇಳಿದರೆ ನಗುತ್ತೀರಿ. ಅವನ ನೆತ್ತಿಯ ಮೇಲೆ ಜೋಡಿ ಸುಳಿ ಇತ್ತು. ಜೋಡಿ ಸುಳಿ ಇದ್ದವರಿಗೆ ಇಬ್ಬರು ಹೆಂಡಿರು ಎಂದು ಶಾಸ್ತ್ರ. “ಒಬ್ಬಳು ಬಂದು ಸತ್ತು ಇನ್ನೊಬ್ಬಳು ಬರಬೇಕು. ಸಾಯೋಕೆ ಅಂತ ಯಾರ ಮನೆ ಮಗಳನ್ನ ತರಲಿ?” ಎಂದು ಇಪ್ಪತ್ತನೇ ವಯಸ್ಸಿನಲ್ಲೇ ಕೈ ಮುಗಿದುಬಿಟ್ಟನಂತೆ. ಅಜ್ಜಿ ಅತ್ತಳು, ಬೈದಳು, ಕೊನೆಗೆ ಕ್ಷೌರದವನನ್ನು ಕರೆಸಿ ಮಗನ ತಲೆ ಬೋಳಿಸಿಯೇಬಿಟ್ಟಳು. ಕೂದಲು ಮತ್ತೆ ಬಂತು, ಜೋಡಿ ಸುಳಿಯೂ ಬಂತು. ನಗುವ ಮಾತಾದರೂ ಒಂದು ವಿಷಯ ಗಮನಿಸಿ: ತಾನು ನಂಬಿದ್ದನ್ನು ತನ್ನ ಮೇಲೆ ಹಾಕಿಕೊಳ್ಳಲು ಅವನು ಹಿಂದೆಗೆಯಲಿಲ್ಲ.

ಇಂಥವನು ನನ್ನ ತಲೆ ನೋಡಿರಲಿಲ್ಲ ಎಂದರೆ ನಂಬುತ್ತೀರಾ? ನೋಡಿರಲಿಲ್ಲ. ತನ್ನ ಕೈಯಲ್ಲಿ ಬೆಳೆದ ಮಕ್ಕಳ ಸುಳಿ ನೋಡಬಾರದು, ಪ್ರೀತಿ ಕಣ್ಣು ಕಟ್ಟುತ್ತದೆ ಎಂದು ಅವನ ಗುರು ಹೇಳಿದ್ದನಂತೆ. ಅದಕ್ಕೇ ಇಡೀ ಊರಿನಲ್ಲಿ ಅವನು ಮುಖ ನೋಡಿ ಮಾತಾಡುತ್ತಿದ್ದದ್ದು ನನ್ನೊಬ್ಬಳನ್ನೇ. ಮೊದಲ ಸಾಲಿನಲ್ಲೇ ಸುಳ್ಳು ಬರೆದೆ, ಕ್ಷಮಿಸಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೂವತ್ತರ ದಶಕ ಅರ್ಧ ಕಳೆದಿತ್ತು, ನನಗೆ ಹದಿಮೂರು ನಡೆಯುತ್ತಿತ್ತು. ಊರಿನ ಶಾಲೆಯಲ್ಲಿ ಕಲಿಸುವಷ್ಟನ್ನೆಲ್ಲ ಕಲಿಸಿ ಮುಗಿಸಿದ ಮೇಷ್ಟ್ರು, “ಈ ಹುಡುಗೀನ ಕೋಲಾರಕ್ಕೆ ಕಳಿಸಿ, ಮುಂದೆ ಓದಲಿ” ಎಂದು ಎರಡು ಸಲ ಮನೆಗೆ ಬಂದು ಹೇಳಿದ್ದರು. ನನಗೆ ಆ ಆಸೆ ಹಿಡಿದು ಊಟ ರುಚಿಸುತ್ತಿರಲಿಲ್ಲ. ಆದರೆ ಅಜ್ಜಿ, “ಹೆಣ್ಣು ಕೋಲಾರದಲ್ಲಿ ಓದಿ ಏನು, ಅಮಲ್ದಾರಿಕೆ ಮಾಡ್ತಾಳಾ?” ಎಂದು ಅವರನ್ನು ಕಳಿಸಿ, ಸದ್ದಿಲ್ಲದೆ ಒಂದು ಸಂಬಂಧ ಹುಡುಕಿದ್ದಳು.

ಗಂಡು ಯಾರು? ಬೆಂಗಳೂರಿನ ಹತ್ತಿರ, ಮಾಲೂರಿನಿಂದ ಹೋಗುವ ರೈಲು ದಾರಿಯಲ್ಲಿ, ಒಬ್ಬ ಮುದಿ ಇಂಗ್ಲಿಷ್ ದೊರೆ ದೊಡ್ಡ ತೋಟದಲ್ಲಿ ಹುಲಿ, ಕರಡಿ, ಜಿಂಕೆ ಎಲ್ಲ ಸಾಕಿಕೊಂಡು ಭಾನುವಾರ ಜನರನ್ನು ಒಳಗೆ ಬಿಡುತ್ತಿದ್ದ. ಆ ತೋಟದ ಮೇಲ್ವಿಚಾರಕರೇ ಗಂಡು. ನಮ್ಮ ಜನವೇ. ವಯಸ್ಸು ನಲವತ್ತು, ಹೆಂಡತಿ ತೀರಿಕೊಂಡಿದ್ದರು, ಇಬ್ಬರು ಮಕ್ಕಳು. ‘ಹೆಣ್ಣು ನೋಡೋದಕ್ಕೆ ಅಲ್ಲಿಗೆ ಬರೋಕೆ ರಜ ಇಲ್ಲ. ಭಾನುವಾರ ನೀವೇ ಬನ್ನಿ; ಮೃಗಗಳನ್ನೂ ನೋಡಿದ ಹಾಗಾಯ್ತು’ ಎಂದು ಹೇಳಿ ಕಳಿಸಿದ್ದರು. ಹೀಗೆ ಹುಲಿಯ ಜೊತೆಗೆ ನನ್ನನ್ನೂ ನೋಡುವ ಏರ್ಪಾಡಾಯಿತು!

ಹಸು ಕರೆಯುವವರು ಬೇಕಲ್ಲ ಎಂದು ಅಮ್ಮ ಮನೆಯಲ್ಲೇ ಉಳಿದಳು. ಹೊರಡುವಾಗ ಅವಳು ಹೆಣೆದ ಜಡೆ ಎಂದಿಗಿಂತ ಬಿಗಿಯಾಗಿತ್ತು. ಅಜ್ಜಿ, ಮಾವ, ನಾನು ಬೆಳಗಿನ ಜಾವ ಗಾಡಿ ಕಟ್ಟಿ ಮಾಲೂರು ಸ್ಟೇಷನ್ನಿಗೆ ಬಂದು ರೈಲು ಹತ್ತಿದೆವು. ಮಾವನಿಗೆ ಮದುವೆಯ ವಿಷಯ ಗೊತ್ತಿತ್ತು, ಆದರೆ ಅವನ ಮನಸ್ಸೆಲ್ಲ ಆ ಮೃಗಗಳ ಮೇಲೆ. “ಹುಲಿಗೆ ಸುಳಿ ಎಲ್ಲಿರುತ್ತೋ ಏನೋ! ಇಷ್ಟು ವರ್ಷ ಆಯ್ತು, ಹುಲಿ ನೋಡದೆ ಸತ್ತಿದ್ರೆ ಏನ್ ಗತಿ?” ಎಂದು ದಾರಿಯುದ್ದಕ್ಕೂ ಪೇಚಾಡುತ್ತಿದ್ದ.

ರೈಲಿನಲ್ಲಿ ನಮ್ಮ ಎದುರಿಗೆ ಒಬ್ಬ ದಢೂತಿ ವ್ಯಾಪಾರಿ ತಲೆ ತಗ್ಗಿಸಿಕೊಂಡು ತೂಕಡಿಸುತ್ತಿದ್ದರು. ತಗ್ಗಿಸಿದ ತಲೆ! ಅದೂ ಮಾವನ ಮೊಣಕಾಲಿನ ಮುಂದೆ! ಅವನು ಎಷ್ಟು ಹೊತ್ತು ತಡೆದುಕೊಂಡಾನು? ಮೆಲ್ಲಗೆ ಕೈ ಚಾಚಿ ಎರಡು ಬೆರಳಿನಿಂದ ಅವರ ಕೂದಲು ಬಿಡಿಸಿದ. ಅವರು ಧಡಕ್ಕನೆ ಎದ್ದು, “ಏನ್ರೀ ಇದು, ಹೇನು ಹುಡುಕ್ತಾ ಇದ್ದೀರಾ?” ಎಂದು ಗುಡುಗಿದರು.

“ಹೇನಲ್ಲ ಸ್ವಾಮಿ, ಸುಳಿ. ಎಡಕ್ಕೆ ತಿರುಗಿದೆ. ಪಾಲುದಾರಿಕೆ ವ್ಯಾಪಾರ ನಿಮಗೆ ಆಗಿಬರಲ್ಲ.”

ಅವರ ಬಾಯಿ ತೆರೆದಂತೆಯೇ ನಿಂತಿತು. “ನಿಮಗ್ಯಾರು ಹೇಳಿದ್ರು? ನನ್ನ ಭಾವಮೈದುನ ಹೇಳಿದ್ನಾ?”

ಮುಂದಿನ ಸ್ಟೇಷನ್ ಬರುವಷ್ಟರಲ್ಲಿ ಮಾವನ ಮುಂದೆ ಐದು ತಲೆಗಳು ಬಗ್ಗಿದ್ದವು. ಟಿಕೆಟ್ಟು ನೋಡಲು ಬಂದವರು ಕೂಡ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ತಮ್ಮ ಸರದಿಗೆ ಕಾಯುತ್ತಿದ್ದರು. ನಾವು ಇಳಿಯಬೇಕಾದ ಕಡೆ ಇಳಿದೆವಲ್ಲ, ಅದೇ ದೊಡ್ಡದು.

ತೋಟದ ಬಾಗಿಲಲ್ಲಿ ಮೇಲ್ವಿಚಾರಕರು ನಮಗಾಗಿ ಕಾಯುತ್ತಿದ್ದರು. ಖಾಕಿ ಕೋಟು, ಬೂಟು, ತಲೆಗೆ ದೊರೆಗಳ ಥರದ ಟೋಪಿ. ಟೋಪಿ ಕಂಡು ಮಾವನ ಮುಖ ಬಾಡಿತು. ಅವರು ಅಜ್ಜಿಗೆ ಕೈ ಮುಗಿದರು, ನನ್ನನ್ನು ಒಮ್ಮೆ ನೋಡಿ ಕಣ್ಣು ತಿರುಗಿಸಿಕೊಂಡರು. ಕೆಟ್ಟವರೆಂದು ಹೇಳಲಾರೆ. ದಣಿದ ಮನುಷ್ಯ, ಮನೆಯಲ್ಲಿ ಎರಡು ಮಕ್ಕಳಿಗೆ ಗಂಜಿ ಕಾಯಿಸಿಟ್ಟು ಬಂದವರಂತೆ ಕಾಣುತ್ತಿದ್ದರು.

ಒಳಗೆ ಪ್ರತಿಯೊಂದು ಪ್ರಾಣಿಯ ಮುಂದೆಯೂ ಒಂದು ಹಲಗೆ, ಅದರ ಮೇಲೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದಿತ್ತು. ಮಾವನಿಗೆ ಅಕ್ಷರ ಬಾರದು. “ಓದು ಅಮ್ಮಣ್ಣಿ, ಏನಂತೆ ಇದು?” ಎಂದು ನನ್ನ ಕೈ ಹಿಡಿದು ಒಂದೊಂದರ ಮುಂದೆಯೂ ನಿಲ್ಲಿಸುತ್ತಿದ್ದ. ನಾನು ಓದುತ್ತಿದ್ದೆ: ಹೆಸರೇನು, ಯಾವ ದೇಶದ್ದು, ಏನು ತಿನ್ನುತ್ತದೆ, ಎಷ್ಟು ವರ್ಷ ಬದುಕುತ್ತದೆ. ಕನ್ನಡ ಮುಗಿದ ಮೇಲೆ ಇಂಗ್ಲಿಷನ್ನೂ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದೆ. ಮಾವ ಹಲಗೆಯನ್ನು ಒಮ್ಮೆ, ನನ್ನ ಬಾಯನ್ನು ಒಮ್ಮೆ ನೋಡುತ್ತಾ, “ಇಷ್ಟೆಲ್ಲಾ ಅದರೊಳಗೆ ಬರೆದಿದೆಯಾ!” ಎಂದು ಬೆರಗಾಗುತ್ತಿದ್ದ.

ಮೊದಲು ಉಷ್ಟ್ರಪಕ್ಷಿ. ಅದರ ಸುತ್ತ ಒಮ್ಮೆ ಕಣ್ಣಾಡಿಸಿ, “ಕೋಳಿಗೆ ಸುಳಿ ಶಾಸ್ತ್ರ ಇಲ್ಲ” ಎಂದು ಮುಂದೆ ಹೋದ. ಆಮೇಲೆ ಕರಡಿ. “ಇದರ ಮೈತುಂಬಾ ಸುಳಿ! ಇದು ಯಾರ ಮನೆಗೂ ಆಗಲ್ಲ. ಅದಕ್ಕೇ ಕಾಡಲ್ಲಿರೋದು.” ಮೇಲ್ವಿಚಾರಕರು ಮೀಸೆಯೊಳಗೆ ನಕ್ಕರು. ನಮ್ಮ ಮಾವನನ್ನು ಅವರಿನ್ನೂ ಅರಿತಿರಲಿಲ್ಲ.

ಮೂರನೆಯದು ಪಟ್ಟೆ ಪಟ್ಟೆಯ ಕುದುರೆ. ನಾನು ಹಲಗೆ ನೋಡಿ, “ಜೀಬ್ರಾ, ಆಫ್ರಿಕಾ ದೇಶದ್ದು” ಎಂದು ಓದಿದೆ. ಮಾವನ ಕಿವಿಗೆ ಅದು ಹೋಗಲೇ ಇಲ್ಲ. ಬೇಲಿಗೆ ಮುಖ ಇಟ್ಟು, ಕಣ್ಣು ಕಿರಿದು ಮಾಡಿ, ಮೂತಿಯಿಂದ ಬಾಲದವರೆಗೆ ಪರೀಕ್ಷೆ ಮಾಡಿ, ನಿಟ್ಟುಸಿರು ಬಿಟ್ಟ.

“ಮೋಸ ಹೋಗಿದ್ದೀರಿ ಸ್ವಾಮಿ.”

“ಯಾರು?” ಎಂದರು ಮೇಲ್ವಿಚಾರಕರು.

“ನೀವೂ, ನಿಮ್ಮ ದೊರೆಗಳೂ. ಬಣ್ಣ ಬಳಿದು ಮಾರಿದ್ದಾರೆ. ಕೆಟ್ಟ ಸುಳಿ ಇದ್ರೆ ಕಾಡಿಗೆ ಹಚ್ಚಿ ಮುಚ್ಚೋದು ನಮ್ಮ ಪರಿಷೇಲೂ ಉಂಟು. ಆದ್ರೆ ಒಂದು ಸುಳಿ ಮುಚ್ಚೋಕೆ ಮೈಯೆಲ್ಲಾ ಬಳಿದಿರೋದು ಇದೇ ಮೊದಲು ನೋಡಿದ್ದು!”

“ಅಯ್ಯೋ ಯಜಮಾನ್ರೇ, ಅದು ಹುಟ್ಟಿದ್ದೇ ಹಾಗೆ!”

“ಮಾರೋರು ಹಾಗೇ ಹೇಳ್ತಾರೆ.”

ಅವರು ಇನ್ನೇನೋ ಹೇಳುವುದರೊಳಗೆ ಮಾವ ಹೆಗಲ ಮೇಲಿನ ಟವಲನ್ನು ನೀರಿನ ತೊಟ್ಟಿಯಲ್ಲಿ ಅದ್ದಿ, ಬೇಲಿಯೊಳಗೆ ಕೈ ತೂರಿಸಿ, “ರಾ ರಾ ನಾಯನಾ, ಇಟು ತಿರುಗು” ಎಂದು ಕರೆದ. ಎತ್ತಿನ ಜೊತೆ ತೆಲುಗು, ಹಸುವಿನ ಜೊತೆ ಕನ್ನಡ, ಇದು ಅವನ ನಿಯಮ. ಜೀಬ್ರಾ ತೆಲುಗಿಗೂ ಅಲ್ಲಾಡಲಿಲ್ಲ, ಕನ್ನಡಕ್ಕೂ ಅಲ್ಲಾಡಲಿಲ್ಲ. “ಅಮ್ಮಣ್ಣಿ, ನೀನು ಇಂಗ್ಲೀಷಲ್ಲಿ ಕರಿ” ಎಂದ. ನಾನು ನಮ್ಮ ಮೇಷ್ಟ್ರು ಹಾಜರಿ ಕರೆಯುವ ರೀತಿಯಲ್ಲಿ “ಕಮ್ ಹಿಯರ್!” ಎಂದು ಕೂಗಿದೆ. ನಂಬಿದರೆ ನಂಬಿ, ಅದು ಬಂತು! ಮಾವ ಬೆನ್ನಿನ ಮೇಲೆ ಟವಲಿಟ್ಟು ಒಂದು ಪಟ್ಟೆಯನ್ನು ತನ್ನ ಶಕ್ತಿಯನ್ನೆಲ್ಲ ಬಿಟ್ಟು ಉಜ್ಜಿದ. ಉಜ್ಜಿ ಟವಲು ನೋಡಿದ, ಬೆಳ್ಳಗೇ ಇತ್ತು. ಇನ್ನೊಮ್ಮೆ ಉಜ್ಜಿದ. ಜೀಬ್ರಾ ಕತ್ತು ತಿರುಗಿಸಿ ಟವಲಿನ ತುದಿ ಹಿಡಿದು ಎಳೆದುಕೊಂಡು, ಬೇಲಿಯಾಚೆ ನಿಂತು ನಿಧಾನವಾಗಿ ಅಗಿಯತೊಡಗಿತು. ಮೇಲ್ವಿಚಾರಕರು ಟೋಪಿ ಹಿಡಿದುಕೊಂಡು ಬೇಲಿ ಹತ್ತಿ ಓಡಿದರು. ಸುತ್ತ ಸೇರಿದ್ದ ಬೆಂಗಳೂರಿನ ಜನಕ್ಕೆ ಆ ದಿನ ಹಾದಿಯ ಖರ್ಚು ಪೂರ್ತಿ ವಸೂಲಾಯಿತು. ಮಾವ ಮಾತ್ರ ಗಂಭೀರವಾಗಿ, “ಬಣ್ಣ ಬಲು ಗಟ್ಟಿಯಾಗಿದೆ” ಎಂದ.

ಕೊನೆಗೆ ಹುಲಿ. ಬಿಸಿಲಿಗೆ ಕಂಬಿಗೆ ಒರಗಿಕೊಂಡು ಮಲಗಿತ್ತು. ಹಣೆ ನಮ್ಮ ಕಡೆಗೇ ಇತ್ತು. ಮಾವ ಕೈ ಹಿಂದೆ ಕಟ್ಟಿಕೊಂಡು (ಅಂದರೆ ಅಜ್ಜಿ ಅವನ ಎರಡೂ ಕೈಗಳನ್ನು ಹಿಂದಿನಿಂದ ಹಿಡಿದುಕೊಂಡಿದ್ದಳು) ಬಹಳ ಹೊತ್ತು ನೋಡಿದ. ತಮಾಷೆ ಮಾಡುವ ಮುಖವಲ್ಲ. ಆಮೇಲೆ ಮೆಲುದನಿಯಲ್ಲಿ ಕೇಳಿದ.

“ಸ್ವಾಮಿ, ಇದು ಇಲ್ಲಿಗೆ ಬಂದ ವರ್ಷ ತೋಟದಲ್ಲಿ ಯಾರಾದ್ರೂ ಹೋದ್ರಾ?”

ಮೇಲ್ವಿಚಾರಕರ ನಗು ಅಲ್ಲಿಗೆ ನಿಂತಿತು. ಟೋಪಿ ತೆಗೆದರು. “ಯುಗಾದಿಗೆ ಹುಲಿ ಬಂತು. ದೀಪಾವಳಿಗೆ ನಮ್ಮ ಮನೆಯವಳು ಹೋದಳು” ಎಂದರು. ಟೋಪಿ ತೆಗೆದದ್ದನ್ನು ನಮ್ಮ ಮಾವ ನೋಡಲೇ ಇಲ್ಲ. ಅವನು ಅವರ ಮುಖವನ್ನು ನೋಡುತ್ತಿದ್ದ. ಆಮೇಲಿಂದ ಅವರು ಅವನನ್ನು ‘ಯಜಮಾನ್ರೇ’ ಎನ್ನುವುದು ಬಿಟ್ಟು ‘ಅಣ್ಣಾ’ ಎಂದು ಕರೆಯತೊಡಗಿದರು.

ಮಾವಿನ ಮರದ ಕೆಳಗೆ ಕೂತು ಅಜ್ಜಿ ಬುತ್ತಿ ಬಿಚ್ಚಿದಳು. ಹುಳಿಯನ್ನ, ಹುರಿದ ಕಡಲೆಕಾಯಿ. ಅಜ್ಜಿಯ ಕಣ್ಣಿಗೆ ದೂರದಲ್ಲಿ ಮೇಲ್ವಿಚಾರಕರ ಹೆಂಚಿನ ಮನೆ ಕಾಣುತ್ತಿತ್ತು, ಮನೆಯ ಮುಂದೆ ನಲ್ಲಿಯೂ ಕಾಣುತ್ತಿತ್ತು. ಅಷ್ಟು ಸಾಕಾಯಿತು ಅವಳಿಗೆ. “ನಮ್ಮದೇನೂ ಅಡ್ಡಿ ಇಲ್ಲಪ್ಪ. ಬರೋ ತಿಂಗಳೇ ಇಟ್ಕೊಳ್ಳೋಣ” ಎಂದಳು. ನಾನು ಕೈಯಲ್ಲಿದ್ದ ತುತ್ತನ್ನು ಮತ್ತೆ ಎಲೆಗೆ ಇಳಿಸಿದೆ.

ಮಾವ ಕಡಲೆಕಾಯಿ ಸುಲಿಯುತ್ತಾ ಅವರಿಗೆ ಹೇಳಿದ. “ಹುಡುಗಿ ಚೆನ್ನಾಗಿ ಓದ್ತಾಳೆ. ನೋಡಿದ್ರಲ್ಲ, ಹಲಗೆಗಳನ್ನೆಲ್ಲಾ ಓದಿದ್ಲು. ಮೇಷ್ಟ್ರು ಕೋಲಾರಕ್ಕೆ ಕಳಿಸಿ ಅಂತಾರೆ.”

“ಓದಿದ್ದು ಸಾಕಣ್ಣ” ಎಂದರು ಅವರು, ಬಿರುಸಾಗಿಯೇನಲ್ಲ, ಇದ್ದದ್ದು ಹೇಳುವವರಂತೆ. “ನಮ್ಮ ಮನೇಲಿ ಓದೋಕೆ ಹೊತ್ತೆಲ್ಲಿ ಸಿಗುತ್ತೆ? ಎರಡು ಮಕ್ಕಳಿವೆ. ಚಿಕ್ಕದಕ್ಕೆ ಇನ್ನೂ ಸ್ನಾನ ಮಾಡಿಸ್ಬೇಕು.”

ಅಜ್ಜಿ, “ಹೌದೌದು, ಅದೇ ಸರಿ” ಎಂದಳು. ನಾನು ತಲೆ ತಗ್ಗಿಸಿದೆ. ಅಳಬಾರದೆಂದು ಅಮ್ಮ ಹೇಳಿರಲಿಲ್ಲ, ನಾನೇ ನಿಶ್ಚಯಿಸಿಕೊಂಡಿದ್ದೆ. ಆದರೂ ಎಲೆಯ ಮೇಲೆ ಎರಡು ಹನಿ ಬಿತ್ತು. ಯಾರೂ ನೋಡಲಿಲ್ಲ ಎಂದುಕೊಂಡೆ.

ಆಗ ಮೇಲ್ವಿಚಾರಕರೇ ಸ್ವಲ್ಪ ಅಳುಕಿನಿಂದ, “ಅಣ್ಣಾ, ಎಲ್ಲಾ ಸರಿ. ಹುಡುಗಿ ಸುಳಿ ನೋಡಿದ್ದೀರಿ ತಾನೇ?” ಎಂದು ಕೇಳಿದರು. ಹುಲಿಯ ಮಾತು ಅವರ ಎದೆಗೆ ತಾಗಿತ್ತು.

“ನಮ್ಮ ಮಕ್ಕಳದು ನಾನು ನೋಡಲ್ಲ.”

“ನೋಡೋ, ನೋಡೋ!” ಎಂದಳು ಅಜ್ಜಿ. “ಅವರು ಕೇಳ್ತಾ ಇದ್ದಾರೆ. ನೋಡಿ ರಾಜಸುಳಿ ಇದೆ ಅಂತ ಹೇಳಿಬಿಡು.”

ಮಾವ ಕೈಯಲ್ಲಿದ್ದ ಕಡಲೆಕಾಯಿ ಸುಲಿದು ಬೀಜಗಳನ್ನು ನನ್ನ ಎಲೆಗೆ ಹಾಕಿದ. ಆಮೇಲೆ ಎದ್ದು ಕೈ ತೊಳೆದುಕೊಂಡು ಬಂದು ನನ್ನ ಹಿಂದೆ ನಿಂತ. ಬಿಗಿಯಾಗಿ ಹೆಣೆದ ಜಡೆಯ ಬುಡದಲ್ಲಿ ಅವನ ಬೆರಳುಗಳು ಕೂದಲನ್ನು ಬಿಡಿಸುವುದು ನನಗೆ ತಿಳಿಯುತ್ತಿತ್ತು. ಬೆರಳುಗಳು ಒಂದು ಕಡೆ ನಿಂತವು. ನಿಂತೇ ಇದ್ದವು.

“ಕಣ್ಣೀರು ಸುಳಿ” ಎಂದ ಮಾವ.

ಅಜ್ಜಿ ಕೈಯಲ್ಲಿದ್ದ ಚೊಂಬು ಕೆಳಗಿಟ್ಟಳು. ಮೇಲ್ವಿಚಾರಕರು ಎದ್ದು ನಿಂತರು. ಒಮ್ಮೆ ಹೆಂಡತಿ ಕಳೆದುಕೊಂಡವರು. ಮನೆಗೆ ಇನ್ನೊಂದು ಕಣ್ಣೀರು ತಂದುಕೊಳ್ಳುವ ಧೈರ್ಯ ಅವರಿಗೆಲ್ಲಿಂದ ಬರಬೇಕು? ನಮ್ಮನ್ನು ಬಾಗಿಲವರೆಗೆ ಕಳಿಸಿಕೊಟ್ಟರು, ಮಾವನಿಗೆ ಹೊಸ ಟವಲೊಂದನ್ನು ಕೊಟ್ಟು ಕೈ ಮುಗಿದರು. ಆ ಒಳ್ಳೆಯತನಕ್ಕೆ ನಾನು ಈಗಲೂ ಅವರಿಗೆ ಋಣಿ. ಮರುವರ್ಷ ಅವರಿಗೆ ತಕ್ಕ ವಯಸ್ಸಿನ ಹೆಣ್ಣು ಸಿಕ್ಕು ಮದುವೆಯಾಯಿತೆಂದು ಕೇಳಿ ಸಮಾಧಾನವಾಯಿತು.

ವಾಪಸು ಬರುವ ರೈಲಿನಲ್ಲಿ ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ನಾನೂ ಅಳುತ್ತಿದ್ದೆ. ಮದುವೆ ತಪ್ಪಿದ್ದಕ್ಕಲ್ಲ, ಹಾಳು ಎತ್ತಿನ ಸಾಲಿಗೆ ನನ್ನನ್ನೂ ಸೇರಿಸಿದನಲ್ಲ ಎಂದು. ಮಾವನ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ, ಅವನು ಕೊಟ್ಟ ಕಡಲೆಕಾಯಿಯನ್ನು ಕಿಟಕಿಯಿಂದ ಎಸೆದೆ.

“ಇನ್ನು ಇವಳ ಗತಿ ಏನೋ?” ಎಂದಳು ಅಜ್ಜಿ.

“ಹೆದರ್ಬೇಡಮ್ಮ. ಹದಿನೆಂಟು ತುಂಬಿದ್ರೆ ಅದು ತಾನೇ ಕರಗುತ್ತೆ.”

ಸುಳಿ ಕರಗುವುದನ್ನು ಮೂರು ತಾಲ್ಲೂಕಿನಲ್ಲಿ ಯಾರಾದರೂ ಕಂಡಿದ್ದರೇ, ಕೇಳಿದ್ದರೇ? ಆದರೆ ಹೇಳಿದವನು ಇವನು! ಯಾರು ಎದುರು ಮಾತಾಡಬೇಕು?

“ಅಲ್ಲಿವರೆಗೂ ಏನ್ ಮಾಡೋದು?”

“ಏನ್ ಮಾಡೋದು? ಓದಲಿ. ತಲೆ ಒಳಗೆ ಏನಾದ್ರೂ ಸೇರ್ತಾ ಬಂದ್ರೆ ಮೇಲಿನ ಸುಳಿ ಸಡಿಲ ಆಗುತ್ತೆ. ಬೇಗ ಕರಗುತ್ತೆ.”

ಹೀಗೆ ಔಷಧಿಯ ಲೆಕ್ಕದಲ್ಲಿ ನನ್ನನ್ನು ಕೋಲಾರಕ್ಕೆ ಓದಲು ಕಳಿಸಿದರು! ರಜಕ್ಕೆ ಬಂದಾಗಲೆಲ್ಲ ಅಜ್ಜಿ, “ಈ ಸಲ ಜಾಸ್ತಿ ಓದಿದೆಯಾ?” ಎಂದು ಕಷಾಯ ಕುಡಿದೆಯಾ ಎನ್ನುವ ದನಿಯಲ್ಲಿ ಕೇಳುತ್ತಿದ್ದಳು. ಹದಿನೆಂಟು ತುಂಬಿದ ದಿನ ಅಂಗಳದಲ್ಲಿ ನನ್ನನ್ನು ಕೂರಿಸಿ, “ಕರಗಿತಾ ನೋಡೋ” ಎಂದು ಮಗನನ್ನು ಕರೆದಳು. ಮಾವ ಕೊಟ್ಟಿಗೆಯಿಂದಲೇ, ಇತ್ತ ತಿರುಗಿಯೂ ನೋಡದೆ, “ಕರಗಿದೆ!” ಎಂದು ಕೂಗಿದ.

ಆದರೆ ಒಂದು ಬದಲಾವಣೆಯಾಗಿತ್ತು. ಆ ಭಾನುವಾರದ ಮೇಲೆ ಮಾವ ಸುಳಿ ನೋಡುವುದನ್ನು ನಿಲ್ಲಿಸಿಬಿಟ್ಟಿದ್ದ. ಎತ್ತು ಹಿಡಿದುಕೊಂಡು ಬಂದವರನ್ನು ಹಾಗೆಯೇ ಕಳಿಸುತ್ತಿದ್ದ. ಆವನಿಗೆ ಹೋಗುವುದು ಬಿಟ್ಟ. ಹುಲಿಯ ದೃಷ್ಟಿ ತಾಗಿ ವಿದ್ಯೆ ಹೋಯಿತು ಎಂದು ಊರು ಮಾತಾಡಿಕೊಂಡಿತು. ಅವನ ಜಾಗಕ್ಕೆ ಏನೂ ತಿಳಿಯದ ಇನ್ನೊಬ್ಬ ಬಂದು ಬಾಯಿಗೆ ಬಂದದ್ದು ಹೇಳುತ್ತಿದ್ದರೆ, ಮಾವ ಕಟ್ಟೆಯ ಮೂಲೆಯಲ್ಲಿ ಕೂತು ನೆಲ ನೋಡುತ್ತಿದ್ದ. ಮೊದಲು ಅವನು ಬಂದರೆ ಎದ್ದು ಜಾಗ ಬಿಡುತ್ತಿದ್ದವರು ಈಗ ಕಾಲು ಕೂಡ ಮಡಿಸುತ್ತಿರಲಿಲ್ಲ. ನಾನು ಓದಿನ ಗುಂಗಿನಲ್ಲಿದ್ದೆ. ಇದನ್ನೆಲ್ಲ ನೋಡಿದರೂ ಯಾಕೆ ಎಂದು ಕೇಳಲಿಲ್ಲ.

ನಲವತ್ತರ ದಶಕ ಬಂತು. ನನ್ನ ಮೇಷ್ಟ್ರಿಕೆಯ ತರಬೇತಿ ಮುಗಿದು ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಲ್ಲಿ ಕೆಲಸವಾಯಿತು. ಮಾವ ನನ್ನ ಪೆಟ್ಟಿಗೆ ಹೊತ್ತುಕೊಂಡು ಜೊತೆಗೆ ಬಂದ. ಬಸ್ಸಿಳಿದು ಕೆರೆಯ ಏರಿಯ ಮೇಲೆ ನಡೆಯುತ್ತಿದ್ದಾಗ ಒಬ್ಬ ರೈತ ಜೋಡೆತ್ತು ಹೊಡೆದುಕೊಂಡು ಎದುರಾದ. ಮಾವನನ್ನು ಕಂಡು ಅವನ ಮುಖ ಅರಳಿತು.

“ನೀವು ಮಾಸ್ತಿ ಕಡೆ ಸುಳಿ ಯಜಮಾನ್ರಲ್ವಾ? ಹಿಂದೆ ಆವನೀಲಿ ನೋಡಿದ್ದೆ. ದೇವರು ಬಂದ ಹಾಗೆ ಬಂದ್ರಿ. ಈ ಜೋಡಿ ಹೇಗಿದೆ, ಒಂದು ಮಾತು ಹೇಳಿ.”

ಮಾವ ಪೆಟ್ಟಿಗೆ ಕೆಳಗಿಟ್ಟ. ಅವನ ಕೈ ತಾನಾಗಿಯೇ ಎತ್ತಿನ ಬೆನ್ನ ಕಡೆಗೆ ಹೋಯಿತು. ಹೋಗಿ, ಒಂದು ಗೇಣು ದೂರದಲ್ಲಿ ನಿಂತು, ಹಿಂದಕ್ಕೆ ಬಂತು. “ನಂಗೆ ಗೊತ್ತಾಗಲ್ಲಪ್ಪ. ಬೇರೆ ಯಾರನ್ನಾದ್ರೂ ಕೇಳು” ಎಂದ.

ರೈತ ಹೋದ ಮೇಲೆ ನಾನು ದಾರಿಗೆ ಅಡ್ಡ ನಿಂತೆ. “ಯಾಕ್ ಮಾವ? ನಿನಗೆ ಗೊತ್ತಾಗಲ್ವಾ? ಇಷ್ಟು ವರ್ಷದಿಂದ ಯಾಕೆ ಹೀಗಿದ್ದೀಯ?”

“ಸುಮ್ನೆ ನಡಿ ಅಮ್ಮಣ್ಣಿ. ಸ್ಕೂಲಿಗೆ ಹೊತ್ತಾಗುತ್ತೆ.”

“ಹೇಳೋವರೆಗೂ ಬರಲ್ಲ.”

ಅವನು ಪೆಟ್ಟಿಗೆಯ ಮೇಲೆ ಕೂತ. “ಕಾಣದೆ ಇದ್ದದ್ದನ್ನ ಕಂಡೆ ಅಂತ ಹೇಳಿದವನು ಆಮೇಲೆ ಸುಳಿ ಮುಟ್ಟಬಾರದು. ಒಂದು ಸಲ ಹೇಳ್ಬಿಟ್ಟೆ. ಅಲ್ಲಿಗೆ ಮುಗೀತು.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ಅಂದ್ರೆ... ನನ್ನ ತಲೇಲಿ ಕಣ್ಣೀರು ಸುಳಿ ಇರಲಿಲ್ವಾ?”

“ಯಾರಿಗ್ಗೊತ್ತು? ನಾನೆಲ್ಲಿ ನೋಡ್ದೆ! ಕಣ್ಣು ಮುಚ್ಕೊಂಡಿದ್ದೆ.”

“ಯಾಕೆ ಮಾವ?”

“ನೋಡಿದ್ರೆ ಇದ್ದದ್ದು ಹೇಳ್ಬೇಕಾಗ್ತಿತ್ತಲ್ಲೇ. ರಾಜಸುಳಿ ಇದ್ದಿದ್ರೆ ಏನ್ ಮಾಡ್ತಿದ್ದೆ? ನೀನು ಊಟದ ಎಲೆ ಮೇಲೆ ಅಳ್ತಾ ಇದ್ದೆ.”

ಆ ಏರಿಯ ಮೇಲೆ ನಿಂತು ನಾನು ಅತ್ತದ್ದನ್ನು ದಾರಿಹೋಕರೆಲ್ಲ ನೋಡಿರಬೇಕು. ಹೊಸ ಮೇಡಮ್ಮು ಬರುತ್ತಲೇ ಅಳುತ್ತಾ ಬಂದಳು ಎಂದು ಊರಿನಲ್ಲಿ ಬಹಳ ದಿನ ಮಾತಿತ್ತು. ಒಬ್ಬ ಮನುಷ್ಯನಿಗೆ ಜೀವನದಲ್ಲಿ ಇದ್ದದ್ದು ಒಂದೇ ಹೆಮ್ಮೆ. ಅದನ್ನು ಕೊಟ್ಟು ನನ್ನನ್ನು ಬಿಡಿಸಿಕೊಂಡಿದ್ದ. ಆಮೇಲೆ ಕಟ್ಟೆಯ ಮೂಲೆಯಲ್ಲಿ ಕೂತು ಏಳೆಂಟು ವರ್ಷ ಬಾಯಿ ಬಿಟ್ಟಿರಲಿಲ್ಲ. ನಾನು ಓದಿದ ಪ್ರತಿ ಅಕ್ಷರವೂ, ಮುಂದೆ ನಾನು ಕಲಿಸಿದ ಪ್ರತಿ ಮಗುವೂ ಅವನ ಕೊಡುಗೆ. ಇದನ್ನು ಅವನಿಗೆ ಹೇಳಲು ಹೋದರೆ, “ಮೂಗು ಒರೆಸ್ಕೋ, ಮಕ್ಕಳು ನೋಡ್ತವೆ” ಎಂದು ಪೆಟ್ಟಿಗೆ ಎತ್ತಿಕೊಂಡು ಮುಂದೆ ನಡೆದ.

ಮಾವ ಹೋಗಿ ಬಹಳ ವರ್ಷಗಳಾದವು. ನನ್ನ ಕೂದಲೂ ನೆರೆತಿದೆ, ತೆಳ್ಳಗಾಗಿದೆ. ಮೊನ್ನೆ ತಲೆ ಬಾಚುತ್ತಿದ್ದ ಮೊಮ್ಮಗಳು, “ಅಜ್ಜಿ, ನಿನ್ನ ನೆತ್ತಿ ಮೇಲೆ ಸುಳಿ ಎಷ್ಟು ಚೆನ್ನಾಗಿ ಕಾಣುತ್ತೆ! ಹೇಗಿದೆ ಹೇಳ್ಲಾ?” ಎಂದಳು. ನಾನು ಬೇಗನೆ ಸೆರಗು ಹೊದ್ದುಕೊಂಡೆ. ಮಾವ ನೋಡದೆ ಬಿಟ್ಟದ್ದನ್ನು ಬೇರೆ ಯಾರೂ ನೋಡುವುದು ನನಗೆ ಬೇಡ.